ಮನೆ ಗೊತ್ತಿಲ್ಲದ ಮೆಷಿನ್‌ಗೆ ‘ಮನೆಗೆ ಹೋಗು’ ಅಂದರೆ

ಮಾವ ಹಲಸಿನ ಹಲಗೆಯನ್ನು ಹಳೇ ಪಂಚೆಯಲ್ಲಿ ಸುತ್ತಿ, ಕುಣಿಗಲ್ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಬಂದಿದ್ದರು. ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೊ ಹಿಡಿದು ಕುರುಬರಹಳ್ಳಿಯ ನನ್ನ ರೂಮಿಗೆ ತಲುಪಿದಾಗ ಮಧ್ಯಾಹ್ನ ಮೀರಿತ್ತು. ಅದು ಅಜ್ಜಿ ನೆಟ್ಟ ಮರದ ಹಲಗೆ. ಮರ ಮಳೆಗಾಳಿಗೆ ಬಿದ್ದಿತ್ತು. ಹೊಸ ಮನೆಯ ಗೃಹಪ್ರವೇಶಕ್ಕೆ ಒಂಬತ್ತು ದಿನ ಉಳಿದಿತ್ತು.

‘ಇದ್ರ ಮೇಲೆ ನಿಮ್ಮಜ್ಜಿ ಹೆಸರು ಕೆತ್ತಿಕೊಡು. ಅಂಗಡೀಲಿ ಮಾಡ್ಸಿದ್ದು ಬೇಡ’ ಅಂದರು.

ನಾನು ಓದಿದ್ದು ಗ್ರಾಮೀಣ ಪತ್ರಿಕೋದ್ಯಮ. ಹಗಲು ಸುದ್ದಿ ಕೆಲಸ. ಸಂಜೆ ಮೇಲೆ ಮಹಡಿಯ ಶೀಟಿನ ರೂಮಿನಲ್ಲಿ ಸಣ್ಣ ಸಿಎನ್‌ಸಿ ಮೆಷಿನ್‌ನಲ್ಲಿ ಮನೆಯ ಹೆಸರುಫಲಕ ಕೆತ್ತುತ್ತೇನೆ. 3018 ಅಂತ ಕರೆಯುವ ಮಾದರಿ ಅದು. ಸುಮಾರು 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಜಾಗದಲ್ಲಿ ಕೆಲಸ ಮಾಡುತ್ತದೆ. ಕಂಪ್ಯೂಟರ್ ಹೇಳಿದಂತೆ ತಿರುಗುವ ಬಿಟ್ ಓಡಾಡಿ ಮರ ಕೊರೆಯುತ್ತದೆ. ರಾತ್ರಿ ಒಂಬತ್ತರ ಮೇಲೆ ಓಡಿಸಿದರೆ ಓನರ್ ಆಂಟಿ ಕೆಳಗಿನಿಂದಲೇ ಕೂಗುತ್ತಾರೆ.

ಅಕ್ಷರ ಬರೆದುಕೊಟ್ಟರೆ, ಬಿಟ್ ಯಾವ ದಾರಿಯಲ್ಲಿ ಹೋಗಬೇಕು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆ ದಾರಿಯನ್ನು ಮೆಷಿನ್‌ಗೆ ತಿಳಿಯುವ ಜಿ-ಕೋಡ್ ಆಗಿ ಬರೆಯುವುದು ಮಾತ್ರ ಪೋಸ್ಟ್ ಪ್ರೊಸೆಸರ್ ಕೆಲಸ. ತಾಲ್ಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆಯುವವರನ್ನು ನೆನೆಸಿಕೊಳ್ಳಿ. ನಿಮ್ಮ ವಿಷಯ ಒಂದೇ. ತಹಶೀಲ್ದಾರರಿಗಾದರೆ ಒಂದು ಥರ ಬರೆಯುತ್ತಾರೆ, ಸರ್ವೆಯವರಿಗಾದರೆ ಇನ್ನೊಂದು ಥರ. ಅರ್ಜಿ ತಪ್ಪಿದ್ದರೆ ಕಚೇರಿಯವರು ವಾಪಸ್ ಕಳಿಸುತ್ತಾರೆ. ಮೆಷಿನ್ ಕೆಲವು ಸಲ ವಾಪಸ್ ಕಳಿಸುತ್ತದೆ, ಕೆಲವು ಸಲ ಬರೆದದ್ದನ್ನು ಹಾಗೇ ನಂಬಿಬಿಡುತ್ತದೆ.

ನನ್ನದನ್ನು ಓಡಿಸುವುದು ಜಿಆರ್‌ಬಿಎಲ್. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಶುರು ಮಾಡಿದ್ದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಸಣ್ಣ ಆರ್ಡುಯಿನೊ ಬೋರ್ಡಿನ ಮೇಲೇ ಓಡುತ್ತದೆ. ಪೀಣ್ಯದ ದೊಡ್ಡ ಮೆಷಿನ್‌ಗಳಲ್ಲಿ ಫ್ಯಾನುಕ್, ಸೀಮೆನ್ಸ್ ಇರುತ್ತವೆ. ಪೋಸ್ಟ್ ಆರಿಸುವ ಪಟ್ಟಿಯಲ್ಲಿ ಹತ್ತಾರು ಹೆಸರು ಕಂಡಾಗ, ಹೆಸರು ಕೇಳಿದ್ದೇ ಇರಲಿ ಅಂತ ಮೊದಲು ಫ್ಯಾನುಕ್ ಒತ್ತಿದೆ. ‘ಎರರ್ 20’ ಅಂತ ನಿಂತಿತು. ಟೂಲ್ ಬದಲಿಸು ಅನ್ನುವ ಎಂ6, ಟೂಲಿನ ಉದ್ದ ನೋಡಿಕೋ ಅನ್ನುವ ಜಿ43, ಇವೆಲ್ಲ ಜಿಆರ್‌ಬಿಎಲ್‌ಗೆ ಅರ್ಥವಾಗುವ ಮಾತಲ್ಲ. ಜಿಆರ್‌ಬಿಎಲ್ ಪೋಸ್ಟ್‌ಗೆ ಬದಲಿಸಿದೆ. ಎರರ್ ಹೋಯಿತು, ನನಗೆ ಧೈರ್ಯ ಬಂತು.

ಹಿಂದಿನ ಕೆಲಸ ಮುಗಿದಾಗ ಬಿಟ್ ಕೆಳಗೇ ನಿಂತಿತ್ತು. ಹಾಗೇ ಸ್ವಿಚ್ ಹಾಕಿದೆ. ಆಮೇಲೆ ಅದನ್ನು ಮೇಲೆತ್ತಿ, ಒಂದಿಂಚು ದಪ್ಪದ ಹಲಗೆ ಬಿಗಿದು, ಹಲಗೆಯ ನಟ್ಟನಡುವೆ ಸೊನ್ನೆ ಗುರುತು ಕೊಟ್ಟು ಓಡಿಸಿದೆ. ಬಿಟ್ ತಿರುಗಲೇ ಇಲ್ಲ. ಸೀದಾ ಕೆಳಗಿಳಿದು ಹಲಗೆಗೆ ಚುಚ್ಚಿಕೊಂಡಿತು. ಮೋಟರ್ ಕರಕರ ಅಂದಿತು. ಪ್ಲಗ್ ಕಿತ್ತೆ. ಅಷ್ಟರಲ್ಲಿ ಬಿಟ್‌ನ ಮೂತಿ ಮುರಿದಿತ್ತು, ಅಜ್ಜಿಯ ಹಲಗೆ ನಡುವೆ ಮೆಣಸಿನ ಕಾಳು ಹಿಡಿಯುವಷ್ಟು ಗುಳಿ ಬಿದ್ದಿತ್ತು.

ಪಕ್ಕದ ರೂಮಿನ ಅಣ್ಣ ಪೀಣ್ಯದಲ್ಲಿ ಮೆಷಿನ್ ಆಪರೇಟರ್. ಶಿಫ್ಟ್ ಮುಗಿಸಿ ಬಂದವರು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆಗೆಸಿ, ಮೇಲಿನ ಸಾಲುಗಳ ಮೇಲೆ ಬೆರಳಿಟ್ಟರು.

‘ಜಿ28 ಇದೆಯಲ್ಲೋ. ಮನೆಗೆ ಹೋಗು ಅಂತ. ನಮ್ಮ ಮೆಷಿನ್‌ಗೆ ಮನೆ ಮೇಲ್ಗಡೆ ಇದೆ. ನಿನ್ನದಕ್ಕೆ ಮನೆ ಎಲ್ಲಿದೆ?’

ಎಲ್ಲೂ ಇರಲಿಲ್ಲ. ದೊಡ್ಡ ಮೆಷಿನ್‌ಗಳಿಗೆ ತಮ್ಮ ಮೂಲ ಜಾಗ ಗೊತ್ತಿರುತ್ತದೆ. ಲಿಮಿಟ್ ಸ್ವಿಚ್ ಇಲ್ಲದ ನನ್ನ ಮೆಷಿನ್ ಕರೆಂಟ್ ಬಂದಾಗ ಎಲ್ಲಿ ಎಚ್ಚರವಾಗುತ್ತದೋ ಅದನ್ನೇ ಮನೆ ಅಂದುಕೊಳ್ಳುತ್ತದೆ. ಆ ದಿನ ಎಚ್ಚರವಾದದ್ದು ಹಲಗೆಯ ಮೇಲ್ಮೈಗಿಂತ ಕೆಳಗೆ. ‘ಸುರಕ್ಷಿತವಾಗಿ ಮೇಲೆ ಹೋಗು’ ಅಂತ ಪೋಸ್ಟ್ ಬರೆದ ಸಾಲೇ ಅದನ್ನು ಕೆಳಗೆ ಕಳಿಸಿತ್ತು. ಪೋಸ್ಟಿನ ತಪ್ಪಲ್ಲ, ಅದರ ಸೆಟ್ಟಿಂಗ್ ತೆಗೆದೇ ನೋಡದವನು ನಾನು.

ಅಲ್ಲಿ ‘ಸೇಫ್ ರಿಟ್ರಾಕ್ಟ್’ ಅಂತ ಒಂದು ಆಯ್ಕೆ ಇತ್ತು. ಜಿ28 ತೆಗೆದು ‘ಕ್ಲಿಯರೆನ್ಸ್ ಹೈಟ್’ ಹಾಕಿದೆ. ಈಗ ಬಿಟ್ ನಾನು ಕೊಟ್ಟ ಸೊನ್ನೆಯಿಂದಲೇ ಎತ್ತರ ಲೆಕ್ಕ ಹಾಕುತ್ತದೆ. ನಿಮ್ಮ ಮೆಷಿನ್‌ಗೂ ಲಿಮಿಟ್ ಸ್ವಿಚ್ ಇಲ್ಲದಿದ್ದರೆ ಬೇರೆ ಏನು ಬಿಟ್ಟರೂ ಇದೊಂದನ್ನು ನೋಡಿ. ಫೈಲಿನ ಮೇಲ್ಗಡೆ ಜಿ21 ಇದೆಯಾ ಅಂತಲೂ ನೋಡಿ, ಅದು ಮಿಲಿಮೀಟರ್. ಜಿ20 ಅಂದರೆ ಇಂಚು. ಇಂಚಿನಲ್ಲಿ ಬರೆದ ಫೈಲನ್ನು ಮೆಷಿನ್ ಮಿಲಿಮೀಟರ್ ಅಂದುಕೊಂಡರೆ ಆರಿಂಚಿನ ಹೆಸರು ಆರು ಮಿಲಿಮೀಟರ್ ಆಗಿ ಒಂದು ಮೂಲೆಯಲ್ಲಿ ಮುದುಡಿಕೊಳ್ಳುತ್ತದೆ. ಎರಡು ಬಿಟ್ ಬೇಕಾದ ಕೆಲಸಕ್ಕೆ ಎರಡು ಫೈಲ್ ಮಾಡುತ್ತೇನೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹಂಚಿದ ಪೋಸ್ಟ್ ಆದರೆ ತೆರೆದು ಓದದೆ ಮುಟ್ಟುವುದಿಲ್ಲ. ದುಡ್ಡಿಲ್ಲದವರಿಗೆ ಫ್ರೀಕ್ಯಾಡ್ ಇದೆ, ಅದರಲ್ಲೂ ಜಿಆರ್‌ಬಿಎಲ್ ಪೋಸ್ಟ್ ಸಿಗುತ್ತದೆ. (ಕನ್ನಡದ ಒತ್ತಕ್ಷರ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಬಿಡಿಬಿಡಿಯಾಗುತ್ತದೆ. ಇಂಕ್‌ಸ್ಕೇಪಿನಲ್ಲಿ ಬರೆದು ಗೆರೆಯಾಗಿ ಬದಲಿಸಿಕೊಂಡು ಒಯ್ದರೆ ತಲೆನೋವಿಲ್ಲ.)

‘ಹೊಸ ಪ್ರೋಗ್ರಾಂ ಬಂದ್ರೆ ನಾವು ಮೊದಲು ಗಾಳೀಲಿ ಓಡಿಸ್ತೀವಿ’ ಅಂದಿದ್ದರು ಅಣ್ಣ. ಅದನ್ನೂ ಕಲಿತೆ. ಸೊನ್ನೆಯನ್ನು ಹಲಗೆಗಿಂತ ಎರಡು ಸೆಂಟಿಮೀಟರ್ ಮೇಲೆ ಹಿಡಿದು, ಕೈ ಸ್ವಿಚ್ ಮೇಲಿಟ್ಟು, ಬರೀ ಗಾಳಿಯಲ್ಲಿ ಒಮ್ಮೆ ಅಜ್ಜಿ ಹೆಸರು ಬರೆಸುವುದು.

ಮಾವನಿಗೆ ಫೋನ್ ಮಾಡಲು ಮರುದಿನ ಸಂಜೆಯಾಯಿತು. ಅಷ್ಟು ಹೊತ್ತು ಅದನ್ನು ಮುಚ್ಚಿಬಿಡುವ ಯೋಚನೆಯೂ ಇತ್ತು. ಮರದ ಪುಡಿ, ಫೆವಿಕಾಲ್ ಎರಡೂ ಮನೆಯಲ್ಲೇ ಇದ್ದವು. ಕೊನೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

‘ಹಲಗೆಗೆ ಎರಡು ಮಗ್ಗುಲು ಇದೆಯಲ್ಲಪ್ಪ’ ಅಂದರು ಆಮೇಲೆ.

ಹಿಂಬದಿಯಲ್ಲಿ ಒಂದು ಗಂಟು ಇತ್ತು. ಅದನ್ನು ತಪ್ಪಿಸಿ ಹೆಸರನ್ನು ತುಸು ಬಲಕ್ಕೆ ಸರಿಸಿ ಕೆತ್ತಿದೆ. ಗೃಹಪ್ರವೇಶದ ಹಿಂದಿನ ದಿನ ಅದೇ ಪಂಚೆಯಲ್ಲಿ ಸುತ್ತಿ ಒಯ್ದೆ. ಮಾವ ಆ ಗುಳಿಯನ್ನೇ ಇನ್ನಷ್ಟು ಕೊರೆದು ಮೊಳೆಗೆ ಸಿಕ್ಕಿಸಿದರು. ನಡುವೆ ಒಂದೇ ಮೊಳೆ ನೋಡಿ, ಗಾಳಿ ಜೋರಾದರೆ ಅಜ್ಜಿ ಹೆಸರು ಒಂದು ಕಡೆಗೆ ವಾಲುತ್ತದೆ. ಹೋದವರು ಯಾರಾದರೂ ಸರಿ ಮಾಡಿ ಬರುತ್ತೇವೆ.