ಮಿಕ್ಕ ದುಡ್ಡು, ಸಿರಿತನದ ಗೆರೆ

ಬಾಡಿಗೆ, ರೇಷನ್ನು, ಹಾಲು, ಗ್ಯಾಸು, ಮಕ್ಕಳ ಫೀಸು, ಸಾಲದ ಕಂತು ಎಲ್ಲ ಕಳೆದ ಮೇಲೆ ಯಾರ ಹೆಸರಿಗೂ ಬರೆದಿಡದೆ ಉಳಿಯುವ ಹಣವೇ ಮನೆಯೊಂದರ ಮಿಕ್ಕ ದುಡ್ಡು. ಅದು ಆದಾಯವಲ್ಲ, ಆಸ್ತಿಯೂ ಅಲ್ಲ. ಒಳ್ಳೆಯ ಸಂಬಳವಿದ್ದೂ ಇಪ್ಪತ್ತನೇ ತಾರೀಖಿಗೆ ಜೇಬು ಬರಿದಾಗುವ ಮನೆಗಳುಂಟು. ಕೋಟಿ ಬೆಲೆಯ ಜಮೀನಿದ್ದೂ ಜೂನ್ ತಿಂಗಳ ಶಾಲೆ ಫೀಸಿಗೆ ಕೈಗಡ ಕೇಳುವ ಮನೆಗಳೂ ಉಂಟು. ತುಮಕೂರಿನ ಅಂಚಿಗಿರುವ ಕ್ಯಾತ್ಸಂದ್ರದಲ್ಲಿ ಇಂಥವೆಲ್ಲ ಅಕ್ಕಪಕ್ಕದಲ್ಲೇ ಸಿಗುತ್ತವೆ. ಬೆಂಗಳೂರು–ಪುಣೆ ಹೆದ್ದಾರಿ, ರೈಲು ನಿಲ್ದಾಣ, ತಟ್ಟೆ ಇಡ್ಲಿ ಹೋಟೆಲುಗಳು, ಸಿದ್ಧಗಂಗಾ ಮಠದ ದಾರಿ, ಸೈಟುಗಳಾಗಿ ಒಡೆದ ಹೊಲಗಳು ಇವೆಲ್ಲ ಸೇರಿ ಊರು ಬೆಳೆದಿದೆ. ಸಿರಿವಂತರು ಯಾರು ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ ಸಿಗದಿರುವುದು ಸಹಜ.

ದುಡ್ಡು ಎಷ್ಟು ಬರುತ್ತದೆ ಎಂಬುದರಷ್ಟೇ ಮುಖ್ಯವಾದದ್ದು ಅದು ಯಾವಾಗ ಬರುತ್ತದೆ ಎಂಬುದು. ಹೋಟೆಲಿನಲ್ಲಿ ಹಿಟ್ಟು ರುಬ್ಬುವವರು, ಗಾರೆ ಕೆಲಸದವರು, ಮಂಡಿಯ ಹಮಾಲರು ದಿನಗೂಲಿಯನ್ನೋ ವಾರದ ಬಟವಾಡೆಯನ್ನೋ ನಂಬಿದವರು. ಅವರ ಕೈಯಲ್ಲೂ ದುಡ್ಡು ಮಿಗುತ್ತದೆ. ಆದರೆ ಅದರ ಆಯುಸ್ಸು ಕೆಲವೇ ದಿನ. ಮಳೆ ಹಿಡಿದು ಕೆಲಸ ನಿಂತರೆ ಮುಗಿಯಿತು. ಅದಕ್ಕೇ ಅದನ್ನು ಕೈಯಿಂದ ದೂರ ಇಡುವ ಏರ್ಪಾಟುಗಳು ಹುಟ್ಟಿಕೊಂಡಿವೆ. ಹೆಂಗಸರು ಸ್ವಸಹಾಯ ಸಂಘಕ್ಕೆ ವಾರವಾರ ಕಟ್ಟುತ್ತಾರೆ, ನೆಚ್ಚಿನವರ ಬಳಿ ಚೀಟಿ ಹಾಕುತ್ತಾರೆ. ಚೀಟಿಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟಾದರೂ ಮೊದಲೇ ಎತ್ತಿಕೊಳ್ಳುವವರು ಅವಸರದವರು. ಕೊನೆಯವರೆಗೆ ಕಾಯುವವರು ಅನುಕೂಲಸ್ಥರು. ಒಂದೇ ಮೊತ್ತದ ಚೀಟಿಯಲ್ಲೂ ಯಾರಿಗೆ ಕಾಯುವ ತಾಕತ್ತಿದೆ ಎಂಬುದು ಹೀಗೆ ಬಯಲಾಗುತ್ತದೆ.

ಎರಡನೆಯವರು ತಿಂಗಳ ಸಂಬಳದವರು. ಹಿರೇಹಳ್ಳಿ, ಅಂತರಸನಹಳ್ಳಿಯ ಕಾರ್ಖಾನೆಗಳವರು, ಶಾಲೆ ಕಾಲೇಜಿನ ಮೇಷ್ಟರು, ಪಾಸು ಮಾಡಿಸಿಕೊಂಡು ಬೆಂಗಳೂರಿಗೆ ನಿತ್ಯ ರೈಲಿನಲ್ಲಿ ಓಡಾಡುವವರು ಈ ಗುಂಪಿಗೆ ಸೇರುತ್ತಾರೆ. ಇವರ ಆದಾಯಕ್ಕೆ ತಾರೀಖು ಉಂಟು, ಖರ್ಚಿಗೂ ಉಂಟು. ಸಂಬಳ ಖಾತೆಗೆ ಬಿದ್ದ ವಾರದೊಳಗೆ ಮನೆ ಸಾಲ, ಬೈಕಿನ ಸಾಲ, ಫೋನಿನ ಕಂತು ತಾವಾಗಿಯೇ ಕಡಿತವಾಗುತ್ತವೆ. ಭದ್ರತೆ ಇದೆ ಎಂಬ ಕಾರಣಕ್ಕೇ ಬ್ಯಾಂಕು ಸಾಲ ಕೊಡುತ್ತದೆ. ಸಾಲ ಸಿಕ್ಕ ಕಾರಣಕ್ಕೇ ಮಿಗುವುದು ಕಡಿಮೆಯಾಗುತ್ತದೆ.

ಮೂರನೆಯವರು ತೋಟದವರು. ಗುಬ್ಬಿ, ತಿಪಟೂರು, ಕುಣಿಗಲ್ ಸೀಮೆಯ ತೆಂಗು ಅಡಿಕೆಯ ಮನೆಗಳಲ್ಲಿ ದುಡ್ಡಿನ ಲೆಕ್ಕ ತಿಂಗಳದ್ದಲ್ಲ, ವರ್ಷದ್ದು. ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ಕಾಯಿ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಒಣಗಬೇಕು. ಅಷ್ಟು ಕಾಲ ಮನೆಯ ಉಳಿತಾಯ ತಲೆಯ ಮೇಲೆಯೇ ಇರುತ್ತದೆ, ಕೈಗೆ ಮಾತ್ರ ಸಿಗದು. ಅಷ್ಟು ದಿನ ತಾಳಲಾರದವರು ಹಸಿ ಕಾಯಿಯನ್ನೇ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಅಟ್ಟ ತುಂಬಿಸಿಟ್ಟುಕೊಂಡು ಬೆಲೆಗೆ ಕಾಯುವುದೇ ಅನುಕೂಲದ ಗುರುತು. ಆ ಬೆಲೆಯಾದರೂ ಯಾರ ಹಿಡಿತದಲ್ಲೂ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗಿಳಿದು ರೈತರು ಬೀದಿಗೆ ಬಂದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ತೋಟ ಅದೇ, ಮರ ಅವೇ. ಎರಡು ವರ್ಷದೊಳಗೆ ಮನೆಯ ಅಂತಸ್ತು ಮಾತ್ರ ಬದಲಾಯಿತು.

ಇಂಥ ಮನೆಗಳನ್ನೆಲ್ಲ ಒಂದೇ ಅಳತೆಗೆ ತರಲು ಸರ್ಕಾರ ಖರ್ಚಿನ ಲೆಕ್ಕ ಹಿಡಿಯುತ್ತದೆ. 2023–24ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತಲೆಗೆ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ 4,903 ರೂಪಾಯಿ, ಪಟ್ಟಣದಲ್ಲಿ 8,076 ರೂಪಾಯಿ. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ಹಳ್ಳಿಯಲ್ಲಿ ಇಪ್ಪತ್ತು ಸಾವಿರದ ಹತ್ತಿರ, ಪಟ್ಟಣದಲ್ಲಿ ಮೂವತ್ತೆರಡು ಸಾವಿರ. ದೇಶದ ಪಟ್ಟಣವಾಸಿಗಳಲ್ಲಿ ಅತಿ ಹೆಚ್ಚು ಖರ್ಚು ಮಾಡುವ ಶೇ 5ರಷ್ಟು ಜನರ ಸರಾಸರಿಯೇ ತಲೆಗೆ 20,310 ರೂಪಾಯಿ, ಅಂದರೆ ನಾಲ್ವರ ಮನೆಗೆ ಸುಮಾರು 81,000. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿರುವ ಎಷ್ಟೋ ಮನೆಗಳು ಈ ಅಂಕಿಯ ಆಸುಪಾಸಿನಲ್ಲಿವೆ. ಆದರೆ ಕೇಳಿದರೆ ‘ನಾವೇನು ಮಿಡಲ್ ಕ್ಲಾಸು’ ಎಂಬ ಉತ್ತರವೇ ಬರುತ್ತದೆ. ಜನ ತಮ್ಮನ್ನು ಹೋಲಿಸಿಕೊಳ್ಳುವುದು ದೇಶದ ಸರಾಸರಿಗಲ್ಲ, ತಮಗಿಂತ ಒಂದು ಮಹಡಿ ಹೆಚ್ಚು ಕಟ್ಟಿಸಿದ ಭಾವಮೈದನಿಗೆ.

ಖರ್ಚು ಎಷ್ಟು ಎಂಬುದಕ್ಕಿಂತ ಯಾವುದಕ್ಕೆ ಎಂಬುದು ಹೆಚ್ಚು ತಿಳಿಸುತ್ತದೆ. ಆದಾಯ ಏರಿದಂತೆ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ. ಭಾರತದ ಹಳ್ಳಿಗಳಲ್ಲಿ ಈಗಲೂ ಖರ್ಚಿನ ಶೇ 47ರಷ್ಟು ಆಹಾರಕ್ಕೆ ಹೋಗುತ್ತದೆ, ಪಟ್ಟಣಗಳಲ್ಲಿ ಶೇ 40ಕ್ಕೆ ಸ್ವಲ್ಪ ಕಡಿಮೆ. ಬೇಳೆ ಎಣ್ಣೆಯ ದರ ಏರಿದಾಗ ಅಡುಗೆಮನೆಯಲ್ಲಿ ಲೆಕ್ಕ ಬದಲಾಗದಿದ್ದರೆ ಆ ಮನೆ ಒಂದು ಮೆಟ್ಟಿಲು ಮೇಲಕ್ಕೆ ಹೋಗಿದೆ ಎಂದೇ ಅರ್ಥ.

ಕಾನೂನು ಎಳೆದಿರುವ ಗೆರೆಗಳು ಒಂದಕ್ಕೊಂದು ಹೊಂದುವುದಿಲ್ಲ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರುವಂತಿಲ್ಲ. ಹಿಂದುಳಿದ ವರ್ಗಗಳ ಕೆನೆಪದರಕ್ಕೆ ಕೇಂದ್ರದ ಗೆರೆ 8 ಲಕ್ಷ. ಮೇಲ್ವರ್ಗಗಳ ಆರ್ಥಿಕ ದುರ್ಬಲರನ್ನು ಗುರುತಿಸಲೂ ಅದೇ 8 ಲಕ್ಷ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಹೀಗೆ ತಿಂಗಳಿಗೆ ಹನ್ನೊಂದು ಸಾವಿರ ದುಡಿಯುವವರು ಒಂದು ಕಡತದಲ್ಲಿ ಬಡವರಲ್ಲ. ಅರವತ್ತು ಸಾವಿರದವರು ಇನ್ನೊಂದರಲ್ಲಿ ದುರ್ಬಲರು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲದ್ದರಿಂದ ದೊಡ್ಡ ಅಡಿಕೆ ತೋಟದ ಯಜಮಾನರು ತೆರಿಗೆ ಕಡತದಲ್ಲಿ ಕಾಣಿಸಿಕೊಳ್ಳದೆಯೂ ಇರಬಹುದು.

ಆಸ್ತಿಯ ಲೆಕ್ಕ ಇನ್ನೊಂದು ಬಗೆ. ರಿಸರ್ವ್ ಬ್ಯಾಂಕಿನ ಸಮಿತಿಯೊಂದು 2017ರಲ್ಲಿ ತಿಳಿಸಿದಂತೆ ಭಾರತದ ಸರಾಸರಿ ಮನೆಯ ಸಂಪತ್ತಿನಲ್ಲಿ ಶೇ 84ರಷ್ಟು ಜಮೀನು, ಕಟ್ಟಡ ಮತ್ತಿತರ ವಸ್ತುಗಳಲ್ಲಿದೆ, ಶೇ 11 ಚಿನ್ನದಲ್ಲಿ. ಬ್ಯಾಂಕು, ವಿಮೆಯಂಥವುಗಳಲ್ಲಿ ಇರುವುದು ಶೇ 5 ಮಾತ್ರ. ಹೆದ್ದಾರಿಯ ಪಕ್ಕದ ಜಮೀನಿಗೆ ಬೆಲೆ ಏರಿದಾಗ ಪಹಣಿಯಲ್ಲಿ ಹೆಸರಿರುವವರು ಕೂತಲ್ಲೇ ಸಿರಿವಂತರಾಗುತ್ತಾರೆ. ಅದನ್ನು ಮಾರುವ ತನಕ ಒಲೆಯ ಮೇಲಿನ ಪಾತ್ರೆಗೆ ಅದರಿಂದ ಏನೂ ಇಳಿಯದು. ಮಾರಿದ ಮೇಲೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲು, ಹೊಸ ಮನೆ, ಕಾರು, ಮದುವೆ ಎಂದು ಹಣ ಹಂಚಿಹೋಗುತ್ತದೆ. ಅವಸರಕ್ಕೆ ಒದಗುವುದು ಚಿನ್ನ. ಅದನ್ನು ಗಿರವಿ ಇಟ್ಟರೆ ಅರ್ಧ ಗಂಟೆಯಲ್ಲಿ ದುಡ್ಡು ಕೈಗೆ ಬರುತ್ತದೆ. ಬೀರುವಿನ ಸರ ಒಡವೆಯೂ ಹೌದು, ಆಪತ್ತಿನ ನಿಧಿಯೂ ಹೌದು.

ಆಪತ್ತೇ ನಿಜವಾದ ಪರೀಕ್ಷೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಉಳಿದವರಿಗೆ ನಿಗದಿತ ವೆಚ್ಚದ ಶೇ 30, ಅದೂ 1.5 ಲಕ್ಷದ ಮಿತಿಯೊಳಗೆ. ಹಾಗಾಗಿ ಗೆರೆಯಿಂದ ತುಸುವೇ ಮೇಲಿರುವ ಮನೆ ಒಂದು ಆಪರೇಷನ್ನಿಗೆ ಗೆರೆಯ ಕೆಳಗೆ ಜಾರಬಲ್ಲದು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಳ್ಳಿಯ ಶೇ 35ರಷ್ಟು ಮನೆಗಳ ಮೇಲೆ ಸಾಲವಿತ್ತು, ಪಟ್ಟಣದಲ್ಲಿ ಶೇ 22ರಷ್ಟು. ಮೈಕ್ರೋ ಫೈನಾನ್ಸ್ ವಸೂಲಿಯ ಕಾಟ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಮಿಕ್ಕ ದುಡ್ಡು ದುಡಿಮೆಯಿಂದ ಮಾತ್ರ ಹುಟ್ಟುವುದಿಲ್ಲ. ತಪ್ಪಿದ ಖರ್ಚಿನಿಂದಲೂ ಹುಟ್ಟುತ್ತದೆ. ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ಊಟ, ವಸತಿ, ವಿದ್ಯೆ ಉಚಿತ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಕಾಲದಲ್ಲಿ ಬೆಳೆದ ಈ ದಾಸೋಹ ಎಷ್ಟೋ ಬಡ ಮನೆಗಳ ಖರ್ಚಿನ ಪಟ್ಟಿಯಿಂದ ಒಂದು ಸಾಲನ್ನು ಅಳಿಸಿದೆ. 2023ರಿಂದ ಶಕ್ತಿ ಯೋಜನೆ ಹೆಂಗಸರ ಬಸ್ ಚಾರ್ಜನ್ನೂ ಗೃಹಜ್ಯೋತಿ ಕರೆಂಟ್ ಬಿಲ್ಲನ್ನೂ ತೆಗೆದವು. ಗೃಹಲಕ್ಷ್ಮಿಯ 2,000 ರೂಪಾಯಿ ನೇರ ಯಜಮಾನಿಯ ಖಾತೆಗೆ ಬರುತ್ತದೆ. ದಿನಗೂಲಿಯ ಮನೆಗೆ ಇದು ಚೀಟಿಯ ಕಂತಾಗುತ್ತದೆ, ಸಂಬಳದ ಮನೆಗೆ ಗ್ಯಾಸ್ ಸಿಲಿಂಡರಾಗುತ್ತದೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಸಿರಿತನಕ್ಕೆ ಹೊಂದುವ ಅಳತೆ ಕಾಲದ್ದೇ. ದುಡಿಮೆ ನಿಂತರೆ, ಏನನ್ನೂ ಮಾರದೆ, ಅಡವಿಡದೆ, ಯಾರನ್ನೂ ಕೇಳದೆ ಮನೆ ಎಷ್ಟು ದಿನ ನಡೆದೀತು ಎಂಬುದು ಆ ಅಳತೆ. ವಾರ ನಡೆದರೆ ಕಷ್ಟದ ಬದುಕು, ತಿಂಗಳುಗಟ್ಟಲೆ ನಡೆದರೆ ಅನುಕೂಲ, ವರ್ಷಗಟ್ಟಲೆ ನಡೆದರೆ ಸಿರಿತನ. ಈ ಲೆಕ್ಕದಲ್ಲಿ ಸಾಲದ ಕಾರಿನ ಮಾಲೀಕರಿಗಿಂತ ಸ್ವಂತ ಸೂರಿನಲ್ಲಿ ಪಿಂಚಣಿ ಪಡೆಯುತ್ತಿರುವ ಪ್ರೈಮರಿ ಶಾಲೆಯ ನಿವೃತ್ತ ಮೇಷ್ಟರೇ ಹೆಚ್ಚು ಸಿರಿವಂತರು.