ಸೂಜಿ ಮಾಡದ ಡಾಕ್ಟರು

ನಮ್ಮ ಕುಸನೂರಿನ ಹೆಂಗಸರ ಮಟ್ಟಿಗೆ ಡಾಕ್ಟರ್ ಎಂದರೆ ಸೂಜಿ ಮಾಡುವವರು, ಗುಳಿಗೆ ಬರೆದುಕೊಡುವವರು. ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ರೋಗಾಣುಗಳ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆಯಲು ಪುಣೆಗೆ ಹೊರಟಳು. ಆಕೆಯ ತಾಯಿ ನನ್ನಲ್ಲಿಗೆ ಬಂದರು. "ಡಾಕ್ಟರ್ ಆಗ್ತೀನಿ ಅಂತಾಳ್ರಿ ಅಕ್ಕೋರೆ, ಖರೆ ಒಬ್ಬ ರೋಗಿನೂ ಮುಟ್ಟಂಗಿಲ್ಲಂತ. ಗಂಡಿನ ಕಡೆಯವರು ಕೇಳಿದ್ರ ಏನ್ ಹೇಳ್ಲಿ?"

ನಾನು ಹೇಳಿದ್ದು ನಮ್ಮ ನಾಡಿನದೇ ಆದ ಮಂಗನ ಕಾಯಿಲೆಯ ಕಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆಗೆ ಹೋದವರು ಜ್ವರ ಬಂದು ಮಲಗಿದರು. ಹಳದಿ ಜ್ವರವೇ ನಮ್ಮ ದೇಶಕ್ಕೆ ಬಂತೇನೋ ಎಂಬ ಗಾಬರಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಹೊಸದೇ ವೈರಸ್. ಹರಡುವುದು ಯಾವುದು? ತರಗೆಲೆಯ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣ್ಣೆಗಳನ್ನು, ನಾವು ಅಕ್ಕಿಯೊಳಗಿನ ಹರಳು ಆರಿಸುವಂತೆ, ಒಂದೊಂದಾಗಿ ಆರಿಸಿ ಜಾತಿವಾರು ಬೇರ್ಪಡಿಸಿ ಪರೀಕ್ಷಿಸಿದರು. ಅಪರಾಧಿ ಆ ಉಣ್ಣೆಯೇ. ಆ ಕೆಲಸ ಮಾಡಿದವರ ಕೈಯಲ್ಲಿ ಸೂಜಿ ಮಾಡಿಸಿಕೊಂಡ ರೋಗಿಗಳು ಯಾರಿದ್ದಾರು?

ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ಎಷ್ಟೋ ಮಂದಿಗೆ ಅದೇ ಜ್ವರ ತಗುಲಿದ್ದನ್ನೂ ಹೇಳಿದೆ. ಆ ತಾಯಿಯ ಮುಖ ಬಾಡಿತು. ಆದರೆ ಮಗಳನ್ನು ಕಳಿಸುವವರಿಗೆ ಇಷ್ಟು ಗೊತ್ತಿರಬೇಡವೇ? ಈಗ ಪುಣೆಯಲ್ಲಿ ಒಳಗಿನ ಗಾಳಿಯನ್ನೂ ಸೋಸಿಯೇ ಹೊರಬಿಡುವ ಪ್ರಯೋಗಶಾಲೆ ಇದೆ ಎಂದೆ. ಆ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿ, 1978ರಿಂದ ಹತ್ತು ವರ್ಷ ಖುರ್ಷಿದ್ ಪಾವ್ರಿ ಅದರ ನಿರ್ದೇಶಕಿಯಾಗಿದ್ದರು ಎಂದೆ. "ಹೆಣ್ಮಗಳಾ?" ಎಂದು ಎರಡು ಸಲ ಕೇಳಿದರು. ಗಾಳಿ ಸೋಸುವ ಮಾತಿಗಿಂತ ಇದೇ ಅವರಿಗೆ ಹೆಚ್ಚು ಧೈರ್ಯ ಕೊಟ್ಟಿತೆಂದು ನನ್ನ ಅನಿಸಿಕೆ.

ಹುಡುಗಿ ಹೋದಳು. ಒಂದೆರಡು ಸಂಬಂಧಗಳು ಬಂದು, "ಇನ್ನೂ ಓದೇ ಮುಗಿದಿಲ್ಲೇನು?" ಎಂದು ಕೇಳಿ ತಿರುಗಿ ಹೋದವು. ಓದು ಮುಗಿಯುವ ಕೆಲಸವೇ ಅಲ್ಲ ಅದು. ಮಲೆನಾಡಿನಲ್ಲಿ ವರ್ಷಾನುಗಟ್ಟಲೆ ಹಾಕಿದ ಮಂಗನ ಕಾಯಿಲೆಯ ಲಸಿಕೆಯನ್ನೇ, ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು 2022ರಲ್ಲಿ ನಿಲ್ಲಿಸಿ, ಹೊಸದಕ್ಕೆ ಕೈ ಹಾಕಬೇಕಾಯಿತು.

ಕಳೆದ ದೀಪಾವಳಿಗೆ ಬಂದವಳನ್ನು, ಮೂರು ವರ್ಷ ಏನು ಮಾಡಿದೆಯಮ್ಮಾ ಎಂದು ಕೇಳಿದೆ. "ನಾ ಅಂದ್ಕೊಂಡಿದ್ದು ತಪ್ಪಂತ ಗೊತ್ತಾಗ್ಯಾದ್ರಿ ಅಕ್ಕೋರೆ" ಎಂದು ನಕ್ಕಳು. ಒಳಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದ ತಾಯಿ ಕೈ ನಿಲ್ಲಿಸಿದರು.

"ಅದಕ್ಕೂ ಪಗಾರ ಕೊಡ್ತಾರೇನ?"

"ಕೊಡ್ತಾರವ್ವ."