ಮೊಲ, ಆಮೆ ಮತ್ತು ಒದ್ದೆ ಹುಲ್ಲು

ಕಳೆದ ವಾರ ಬೆಳಗಿನ ವಾಯುವಿಹಾರಕ್ಕೆಂದು ವಿಜಯನಗರದ ನಮ್ಮ ಮನೆಯ ಸಮೀಪದ ಉದ್ಯಾನಕ್ಕೆ ಹೋಗಿದ್ದೆ. ರಾತ್ರಿಯೆಲ್ಲ ಜಿನುಗು ಮಳೆ ಬಿದ್ದು ಹುಲ್ಲು ತೊಯ್ದು ತಲೆಬಾಗಿತ್ತು. ಮಾಲಿ ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರವನ್ನು ತಳ್ಳುತ್ತಿದ್ದ. ಹತ್ತು ಹೆಜ್ಜೆಗೊಮ್ಮೆ ಅದು ಗೊರಗೊರ ಸದ್ದು ಮಾಡಿ ನಿಂತುಬಿಡುವುದು. ಅವನು ಬಗ್ಗಿ, ಪಕ್ಕದ ಬಾಯಿಗೆ ಬೆರಳು ತೂರಿಸಿ, ಹಸಿ ಹುಲ್ಲಿನ ಮುದ್ದೆಯನ್ನು ಕಿತ್ತೆಸೆಯುವನು. ಮೂರನೆಯ ಸಲ ಅವನು ಬಗ್ಗಿದಾಗ, "ಕೈ ಹಾಕಬೇಡಪ್ಪಾ!" ಎಂದು ನಾನು ಕೂಗಿದ ರಭಸಕ್ಕೆ ನಡೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಿವೃತ್ತನಾಗಿ ಇಷ್ಟು ವರ್ಷಗಳಾದರೂ ತರಗತಿಯ ದನಿ ಇನ್ನೂ ಉಳಿದಿದೆಯೆಂದು ಆಗ ತಿಳಿಯಿತು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ ದನಿಯ ಪರಿಚಯ ಚೆನ್ನಾಗಿಯೇ ಇದೆ.

ಹಾಗೆ ಕೂಗಲು ಕಾರಣವಿದೆ. ಅದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಸಂಕೋಚದಿಂದ ಮುಂದೂಡುತ್ತಾ ಬಂದೆ.

2018ರ ಮೇ ತಿಂಗಳಿನಲ್ಲಿ ನಾನು ಮತ್ತು ನನ್ನ ಶ್ರೀಮತಿ ಅಮೆರಿಕದ ಓಹಾಯೋ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಊರ ಹೊರಗಿನ ಮನೆ. ಸುತ್ತ ಒಂದೂವರೆ ಎಕರೆ ಜಾಗ, ಅದರಲ್ಲಿ ಬಹುಪಾಲು ಬರೀ ಹುಲ್ಲು. ಮೂವತ್ತು-ನಲವತ್ತರ ನಿವೇಶನದಲ್ಲಿ ಬದುಕಿ, ಕಾಂಪೌಂಡಿನೊಳಗೆ ಒಂದು ತುಳಸಿಕಟ್ಟೆ, ಒಂದು ದಾಸವಾಳ, ಉಳಿದದ್ದೆಲ್ಲ ಸಿಮೆಂಟು ಎಂದು ಅಭ್ಯಾಸವಾದ ನನಗೆ ಲೆಕ್ಕ ಹಾಕದೆ ಇರಲಾಗಲಿಲ್ಲ. ಒಂದೂವರೆ ಎಕರೆಯೆಂದರೆ 65,340 ಚದರಡಿ. ನಮ್ಮಂಥ ಐವತ್ತನಾಲ್ಕು ನಿವೇಶನಗಳು! ವಿಜಯನಗರದಲ್ಲಾಗಿದ್ದರೆ ಎರಡು ಅಡ್ಡರಸ್ತೆಗಳೇ ಆಗಿಬಿಡುತ್ತಿದ್ದವು. ಅಷ್ಟು ನೆಲದಲ್ಲಿ ಒಂದು ಸೇರು ರಾಗಿಯನ್ನೂ ಬೆಳೆಯದೆ ಹುಲ್ಲು ಬೆಳೆಸಿ, ವಾರವಾರವೂ ಅದನ್ನು ಕತ್ತರಿಸಿ ಅಲ್ಲಿಯೇ ಚೆಲ್ಲುವುದು ಯಾವ ನ್ಯಾಯ ಎಂದು ಕೇಳಿದೆ. ಮಗಳು, "ಅಪ್ಪ, ಇಲ್ಲಿ ಹುಲ್ಲು ಉದ್ದ ಬಿಟ್ಟರೆ ಅನೇಕ ಊರುಗಳಲ್ಲಿ ನೋಟಿಸು ಕೊಡ್ತಾರೆ" ಎಂದು ನಕ್ಕಳು.

ಅಷ್ಟು ಜಾಗಕ್ಕೆ ತಳ್ಳುವ ಯಂತ್ರ ಸಾಲದು. ಅಳಿಯಂದಿರು ಕುಳಿತು ಓಡಿಸುವ ಯಂತ್ರವನ್ನು ಇಟ್ಟುಕೊಂಡಿದ್ದರು, ಪುಟ್ಟ ಟ್ರ್ಯಾಕ್ಟರಿನಂಥದು. ಆಸನದ ಕೆಳಗೆ, ಚಕ್ರಗಳ ನಡುವೆ, ಮಗುಚಿಟ್ಟ ದೊಡ್ಡ ಪರಾತದ ಹಾಗೆ ಒಂದು ಕಬ್ಬಿಣದ ಹೊದಿಕೆ. ಅದರೊಳಗೆ ಎರಡು ಅಲಗುಗಳು ನೆಲಕ್ಕೆ ಸಮಾನಾಂತರವಾಗಿ ತಿರುಗುತ್ತವೆ. ಬಲಪಕ್ಕದಲ್ಲಿ ಕತ್ತರಿಸಿದ ಹುಲ್ಲು ಹೊರಗೆ ಹಾರಲು ಒಂದು ಬಾಯಿ. ಮೊದಲೆರಡು ಶನಿವಾರ ಅಳಿಯಂದಿರು ಓಡಿಸುವುದನ್ನು ಜಗುಲಿಯ ಮೇಲೆ ಕುಳಿತು ನೋಡಿದೆ. ಮೂರನೆಯ ವಾರ ಅವರು ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋದರು. ಹೋಗುವಾಗ, "ಮಾವ, ಹುಲ್ಲಿನ ಯೋಚನೆ ಮಾಡಬೇಡಿ, ಬಂದು ನಾನೇ ಹೊಡೀತೀನಿ" ಎಂದು ಎರಡು ಸಲ ಹೇಳಿದ್ದರು.

ಅಂದರೆ, ಮುಟ್ಟಬೇಡಿ ಎಂದು. ನನಗೆ ಅರ್ಥವಾಗಿತ್ತು. ಆದರೆ ಮಕ್ಕಳ ಮನೆಯಲ್ಲಿ ಮೂರು ಹೊತ್ತು ಊಟ ಮಾಡಿ, ಕಿಟಕಿಯಾಚೆ ನೋಡುತ್ತ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂಬುದು ಹಾಗೆ ಕುಳಿತವರಿಗೇ ಗೊತ್ತು. ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಅಲ್ಲಿನ ಹುಲ್ಲು ತಂಪು ಹವೆಯ ಜಾತಿಯದು. ಮೇ ತಿಂಗಳಿನಲ್ಲಿ ಕಣ್ಣೆದುರೇ ಬೆಳೆಯುತ್ತದೆ. ಶುಕ್ರವಾರದ ಹೊತ್ತಿಗೆ ಮೊಣಕಾಲಿನ ಅರ್ಧಕ್ಕೆ ಬಂದಿತ್ತು. ದಣಿದು ಬರುವ ಅಳಿಯಂದಿರ ಹೊರೆ ಇಳಿಸೋಣವೆಂದು, ಮಳೆ ನಿಂತ ಅರ್ಧ ಗಂಟೆಗೆ, ಗೂಟಕ್ಕೆ ತೂಗುಹಾಕಿದ್ದ ಬೀಗದ ಕೈ ತೆಗೆದುಕೊಂಡೆ. ಒಂಬತ್ತು ವರ್ಷದ ಮೊಮ್ಮಗ ಜಗುಲಿಯಲ್ಲಿ ನಿಂತು ನೋಡುತ್ತಿದ್ದ.

ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಯಂತ್ರದ ಸದ್ದು ಬದಲಾಯಿತು. ಹಿಂತಿರುಗಿ ನೋಡಿದರೆ ಕತ್ತರಿಸಿದ ಜಾಗದಲ್ಲಿ ಹುಲ್ಲು ಸಗಣಿಯಂತೆ ಗುಪ್ಪೆಗುಪ್ಪೆಯಾಗಿ ಬಿದ್ದಿದೆ. ಪಕ್ಕದ ಬಾಯಿ ಪೂರ್ತಿ ಕಟ್ಟಿಕೊಂಡಿದೆ. ಇಳಿದು ಕೋಲಿನಿಂದ ತಿವಿದೆ. ಮತ್ತೆ ಇಪ್ಪತ್ತು ಅಡಿ, ಮತ್ತೆ ಅದೇ ಕಥೆ. ಮೂರನೆಯ ಸಲ ಕೋಲು ದೂರದಲ್ಲಿ ಬಿದ್ದಿತ್ತು. ಅಲಗು ತಿರುಗುತ್ತಿರುವಾಗ ಆಸನದಿಂದ ಎದ್ದರೆ ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ಆಸನದ ಕೆಳಗೆ ಅದಕ್ಕೊಂದು ಸ್ವಿಚ್ಚಿದೆ. ನಿಂತಿದೆಯಲ್ಲ ಎಂಬ ಧೈರ್ಯದಿಂದ ಬಗ್ಗಿ ಕೈ ನೀಡಿದೆ.

"ತಾತ, ಕೈ ಹಾಕಬೇಡ! ಕೈ ಹಾಕಬೇಡ!"

ಮೊಮ್ಮಗನ ಕೂಗಿಗೆ ಕೈ ಹಿಂದಕ್ಕೆ ಬಂತು. ಎಂಜಿನ್ ನಿಂತರೂ ಅಲಗು ಒಡನೆಯೇ ನಿಲ್ಲುವುದಿಲ್ಲ. ಕೆಲವು ಸೆಕೆಂಡು ತನ್ನ ವೇಗದಲ್ಲೇ ತಿರುಗುತ್ತದೆ. ಎರಡು ಅಲಗುಗಳಿಗೂ ಒಂದೇ ಬೆಲ್ಟಾದ್ದರಿಂದ, ಪೂರ್ತಿ ನಿಂತ ಮೇಲೂ ಒಂದನ್ನು ಅಲುಗಿಸಿದರೆ ಇನ್ನೊಂದು ಅಲುಗುತ್ತದೆ. ಇದನ್ನೆಲ್ಲ ಅಪ್ಪನಿಂದ ಕೇಳಿ ತಿಳಿದಿದ್ದ ಆ ಹುಡುಗನಿಗೆ, ಮೂವತ್ತಮೂರು ವರ್ಷ ಜಡತ್ವದ ನಿಯಮ ಪಾಠ ಮಾಡಿದ ತಾತನಿಗಿಂತ ಹೆಚ್ಚು ವಿವೇಕವಿತ್ತು.

ಹುಲ್ಲಿನ ಮೇಲೆಯೇ ಕುಳಿತುಬಿಟ್ಟೆ. ಕಣ್ಣೆದುರು ಬಂದದ್ದು ಓಹಾಯೋ ಅಲ್ಲ, ಮದ್ದೂರು ತಾಲ್ಲೂಕಿನ ಒಂದು ಆಲೆಮನೆ. 1979ರಲ್ಲಿ ನಾನು ಅಲ್ಲಿನ ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ರಾತ್ರಿ ಗಾಣಕ್ಕೆ ಕಬ್ಬು ಕೊಡಲು ಹೋಗುತ್ತಿದ್ದ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದ. ನಾನು ಅವನನ್ನು ಎದ್ದು ನಿಲ್ಲಿಸಿ ಗದರುತ್ತಿದ್ದೆನೇ ಹೊರತು, ಯಾಕೆ ತೂಕಡಿಸುತ್ತೀಯೆ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ರಾತ್ರಿ ಕಟ್ಟಿಕೊಂಡ ಸಿಪ್ಪೆಯನ್ನು ಬಿಡಿಸಲು ಹೋಗಿ ಬಲಗೈಯ ಎರಡು ಬೆರಳುಗಳು ಗಾಣದ ಉರುಳೆಗೆ ಸಿಕ್ಕವು. ಮೂರು ತಿಂಗಳ ನಂತರ ಶಾಲೆಗೆ ಬಂದಾಗ ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದ. ಸಂಜೆ ಹೊತ್ತು ಅವನ ಪಕ್ಕ ಕುಳಿತು ನಾನೂ ಎಡಗೈಯಲ್ಲಿ ಬರೆಯುತ್ತಿದ್ದೆ, ಅವನಿಗೆ ಸಂಕೋಚವಾಗದಿರಲಿ ಎಂದು. ನನ್ನ ಅಕ್ಷರವೇ ಹೆಚ್ಚು ಕೆಟ್ಟದಾಗಿರುತ್ತಿತ್ತು. ಅವನು ಈ ಪುಟವನ್ನು ಓದುವವನೇ, ಹೆಸರು ಬರೆಯುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅಂದು ಕೇಳಲಿಲ್ಲವೆಂಬುದನ್ನು ಇಲ್ಲಿಯಾದರೂ ಹೇಳಿರಲಿ.

ಇನ್ನು ಯಂತ್ರದ ವಿಷಯ. ಅಂದು ಅಲ್ಲಿಗೇ ಬಿಡಬಹುದಾಗಿತ್ತು. ಆದರೆ ಅರ್ಧ ಬೋಳಿಸಿದ ತಲೆಯಂತಿದ್ದ ಆ ಅಂಗಳವನ್ನು ಅಳಿಯಂದಿರಿಗೆ ತೋರಿಸುವ ಧೈರ್ಯ ನನಗಿರಲಿಲ್ಲ. ಬಜಾಜ್ ಸ್ಕೂಟರ್ ಇದ್ದ ಕಾಲದಲ್ಲಿ ಮಾಗಡಿ ರಸ್ತೆಯ ಬದಿಯಲ್ಲಿ ಅದನ್ನು ವಾಲಿಸಿ, ಪ್ಲಗ್ ಬಿಚ್ಚಿ, ಎಮರಿ ಕಾಗದದಿಂದ ಉಜ್ಜಿದವನಲ್ಲವೇ ನಾನು? ಆ ವಿದ್ಯೆ ಇಲ್ಲಿ ಬೇರೆ ರೀತಿಯಲ್ಲಿ ಒದಗಿತು. ಸಿಮೆಂಟಿನ ನೆಲಕ್ಕೆ ಯಂತ್ರವನ್ನು ತಂದು, ಬೀಗದ ಕೈ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಳಚಿ ದೂರ ಸರಿಸಿದೆ. ವೈರು ಕಳಚಿದ ಮೇಲೆ ಎಂಜಿನ್ ಹತ್ತಲಾರದು. ಹೊದಿಕೆಯನ್ನು ಮೇಲಿನ ಮಟ್ಟಕ್ಕೆ ಎತ್ತಿ, ನೆಲದ ಮೇಲೆ ಮಲಗಿ, ಟಾರ್ಚ್ ಬಿಟ್ಟು ನೋಡಿದೆ. ಒಳಮೈಗೆ ಹುಲ್ಲು ಬೆರಣಿ ತಟ್ಟಿದ ಹಾಗೆ ಒಂದು ಅಂಗುಲ ದಪ್ಪ ಹತ್ತಿ ಒಣಗಿತ್ತು. ಅದರ ಮೇಲೆ ಇಂದಿನ ಹಸಿ ಪದರ. ಅಡುಗೆಮನೆಯ ಹಳೆಯ ಮರದ ಸೌಟಿನಿಂದ ಅಷ್ಟನ್ನೂ ಕೆರೆದೆ. (ಸೌಟಿನ ವಿಷಯ ಮಗಳಿಗೆ ಈ ಬರಹ ಓದಿದಾಗಲೇ ತಿಳಿಯುವುದು.) ಅಲಗಿನ ಅಂಚು ನೋಡಿದೆ, ಮೊಂಡಾಗಿರಲಿಲ್ಲ. ಬೆಲ್ಟು ಬಿಗಿಯಾಗಿಯೇ ಇತ್ತು. ಮತ್ತೆ ಓಡಿಸಿದೆ. ಇಪ್ಪತ್ತು ಅಡಿಯ ಬದಲು ಮೂವತ್ತು ಅಡಿ ಹೋಗಿ ಕಟ್ಟಿಕೊಂಡಿತು.

ಅಲ್ಲಿಯೇ ಕುಳಿತು ಯೋಚಿಸಿದೆ. ನನ್ನ ತಾಯಿ ಬದುವಿನ ಹುಲ್ಲನ್ನು ಇಬ್ಬನಿ ಆರುವ ಮೊದಲೇ ಕೊಯ್ಯುತ್ತಿದ್ದರು. ತೇವವಿದ್ದರೆ ಕುಡುಗೋಲಿಗೆ ಹುಲ್ಲು ಮೆತ್ತಗೆ ಸಿಗುತ್ತದೆ, ಒಣಗಿದರೆ ಜಾರುತ್ತದೆ. ಹಾಗಿದ್ದರೆ ಒದ್ದೆ ಹುಲ್ಲು ಈ ಯಂತ್ರಕ್ಕೇಕೆ ಶತ್ರು? ಏಕೆಂದರೆ ಕುಡುಗೋಲು ಕೊಯ್ಯುತ್ತದೆ ಅಷ್ಟೇ. ಕೊಯ್ದದ್ದನ್ನು ಎಡಗೈ ಹಿಡಿದು ಪಕ್ಕಕ್ಕಿಡುತ್ತದೆ. ಯಂತ್ರಕ್ಕೆ ಎಡಗೈ ಇಲ್ಲ. ಆ ಕೆಲಸವನ್ನು ಗಾಳಿ ಮಾಡಬೇಕು. ಅಲಗಿನ ತುದಿಯ ಹಿಂಬದಿ ಫ್ಯಾನಿನ ರೆಕ್ಕೆಯಂತೆ ಮೇಲಕ್ಕೆ ಬಾಗಿರುತ್ತದೆ. ಅದು ತಿರುಗುವಾಗ ಹೊದಿಕೆಯೊಳಗೆ ಸುಳಿಗಾಳಿ ಎದ್ದು, ಬಾಗಿದ ಹುಲ್ಲನ್ನು ಎತ್ತಿ ನಿಲ್ಲಿಸಿ, ಕತ್ತರಿಸಿದ ಚೂರುಗಳನ್ನು ಬಾಯಿಯಿಂದಾಚೆಗೆ ಎಸೆಯುತ್ತದೆ. ಒದ್ದೆ ಹುಲ್ಲು ಭಾರ, ಮೇಲಾಗಿ ಅಂಟು. ಅದನ್ನು ಎಸೆಯಲು ಹೆಚ್ಚು ಗಾಳಿ ಬೇಕು.

ಗಾಳಿ ಏಕೆ ಸಾಲದು? ಆಗ ನನ್ನ ಕಣ್ಣು ಎಂಜಿನ್ ವೇಗದ ಸನ್ನೆಯ ಮೇಲೆ ಬಿತ್ತು. ಅದರ ಒಂದು ತುದಿಯಲ್ಲಿ ಮೊಲದ ಚಿತ್ರ, ಇನ್ನೊಂದರಲ್ಲಿ ಆಮೆಯ ಚಿತ್ರ. ಹತ್ತಿದ ಕೂಡಲೇ ನಾನು ಅದನ್ನು ಆಮೆಯ ಕಡೆಗೆ ಎಳೆದಿದ್ದೆ. ಪೆಟ್ರೋಲು ಉಳಿಯಲಿ, ಸದ್ದು ಕಡಿಮೆಯಾಗಲಿ, ಮುದುಕನಿಗೆ ನಿಧಾನವೇ ಕ್ಷೇಮ ಎಂದು. ಆಮೆಯೇ ಗೆಲ್ಲುತ್ತದೆ ಎಂದು ತಾನೆ ಇಷ್ಟು ವರ್ಷ ಮಕ್ಕಳಿಗೆ ಕಥೆ ಹೇಳಿದ್ದು!

ಗೋಡೆಗೆ ಒರಗಿಸಿದ್ದ ಹಳೆಯ ಅಲಗೊಂದನ್ನು ಅಳೆದೆ: ಇಪ್ಪತ್ತೊಂದು ಅಂಗುಲ. ಪಾಠಪುಸ್ತಕದವರು ಕೊಟ್ಟ ಲೆಕ್ಕದಂತೆಯೇ ಇತ್ತು. 22/7ರಿಂದ ಗುಣಿಸಿದರೆ ಸುತ್ತಳತೆ 66 ಅಂಗುಲ, ಅಂದರೆ ಐದೂವರೆ ಅಡಿ. ನಿಮಿಷಕ್ಕೆ 3,000 ಸುತ್ತೆಂದು ಹಿಡಿದರೆ ಅಲಗಿನ ತುದಿ ನಿಮಿಷಕ್ಕೆ 16,500 ಅಡಿ ಹೋಗುತ್ತದೆ; ಗಂಟೆಗೆ ಸುಮಾರು ಮುನ್ನೂರು ಕಿಲೋಮೀಟರು. ಇದೇ ವೇಗಕ್ಕೆ ನಾನು ಬೆರಳು ಕೊಡಲಿದ್ದದ್ದು. ವೇಗ ಅರ್ಧವಾದರೆ ಗಾಳಿಯ ಬಲ ಅರ್ಧವಲ್ಲ, ವೇಗದ ವರ್ಗಕ್ಕೆ ತಕ್ಕಂತೆ ಕಾಲುಭಾಗಕ್ಕೆ ಇಳಿಯುತ್ತದೆ. ನಾನು ಉಳಿಸಿದ ಪೆಟ್ರೋಲು ಎಷ್ಟೋ ತಿಳಿಯದು. ಗಾಳಿಯ ಮುಕ್ಕಾಲು ಪಾಲನ್ನು ಮಾತ್ರ ಉಳಿತಾಯ ಮಾಡಿದ್ದೆ.

ಇದಲ್ಲದೆ ಮತ್ತೆರಡು ತಪ್ಪುಗಳಿದ್ದವು. ಹುಲ್ಲನ್ನು ಒಂದೇ ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂಬುದು ತೋಟಗಾರರ ವಾಡಿಕೆ. ನಾನು ಮುಕ್ಕಾಲು ಪಾಲು ತೆಗೆಯಲು ಹೊರಟಿದ್ದೆ. ಮತ್ತು ಬೆಳಗಿನ ಮಳೆ ಆರಲು ಬಿಟ್ಟಿರಲಿಲ್ಲ. ಮಧ್ಯಾಹ್ನ ಮೂರರವರೆಗೆ ಕಾದೆ. ಬಿಸಿಲು ಬಂದಿತ್ತು. ಹೊದಿಕೆಯನ್ನು ಎಲ್ಲಕ್ಕಿಂತ ಎತ್ತರದ ಮಟ್ಟದಲ್ಲಿಟ್ಟು, ಅರ್ಧ ಅಗಲದಷ್ಟೇ ಹೊಸ ಹುಲ್ಲು ಸಿಗುವ ಹಾಗೆ ಸಾಲು ಹಿಡಿದು, ಸನ್ನೆಯನ್ನು ಪೂರ್ತಿ ಮೊಲಕ್ಕೆ ದೂಡಿ, ಗೇರನ್ನು ಮಾತ್ರ ಒಂದರಲ್ಲಿಟ್ಟೆ. ಚಕ್ರ ಆಮೆಯಂತೆ, ಅಲಗು ಮೊಲದಂತೆ! ಹಸಿರು ಚೂರುಗಳು ಮದುವೆಯ ಅಕ್ಷತೆಯಂತೆ ಪಕ್ಕಕ್ಕೆ ಚಿಮ್ಮಿದವು. ಆಮೇಲೆ ಎರಡು ಸಲ ಮಾತ್ರ ಕಟ್ಟಿಕೊಂಡಿತು. ಎರಡು ಸಲವೂ ಬೀಗದ ಕೈ ಜೇಬಿಗೆ, ವೈರು ಹೊರಗೆ, ಸೌಟು ಒಳಗೆ. ಮೊಮ್ಮಗ ಜಗುಲಿಯಿಂದ ಮೇಲ್ವಿಚಾರಣೆ ನಡೆಸಿದ. ಮುಗಿದ ಮೇಲೆ ಇಬ್ಬರೂ ಸೇರಿ ಗುಪ್ಪೆಗಳನ್ನು ಬಾಚಿ ತೆಗೆದೆವು. ಅವನ್ನು ಹಾಗೆಯೇ ಬಿಟ್ಟರೆ ಅಡಿಯ ಹುಲ್ಲು ಉಸಿರುಕಟ್ಟಿ ಹಳದಿಯಾಗುತ್ತದೆ.

ಹುಲ್ಲು ಕತ್ತರಿಸುವ ಯಂತ್ರದ ಮೊದಲ ಪೇಟೆಂಟು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬಾತನಿಗೆ ದೊರೆತದ್ದು. ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ನವಿರನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತಂತೆ. ಅದರಲ್ಲಿ ಉರುಳೆಗೆ ಸುತ್ತಿದ ಅಲಗುಗಳು ಕತ್ತರಿಯಂತೆ ಕೆಲಸ ಮಾಡುತ್ತವೆ, ಗಾಳಿಯ ಹಂಗಿಲ್ಲ. ಇದನ್ನು ತಿಳಿದುಕೊಂಡದ್ದು ಆ ರಾತ್ರಿ, ಸೊಂಟನೋವಿಗೆ ಶ್ರೀಮತಿಯವರು ಬಿಸಿ ಶಾಖ ಕೊಡುತ್ತಿರುವಾಗ. ಅವರು ಒಂದು ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಕಠಿಣವಾಗಿತ್ತು.

ಶನಿವಾರ ಬೆಳಿಗ್ಗೆ ಅಳಿಯಂದಿರು ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಬಂದರು. ಮೆತ್ತಗಿನ ಮಣ್ಣಿನಲ್ಲಿ ನಾನು ತಿರುವು ತೆಗೆದ ಕಡೆ ಚಕ್ರ ಹೂತು ಎರಡು ಮೊಳದುದ್ದದ ಗುಂಡಿ ಬಿದ್ದಿತ್ತು. ಅದನ್ನು ನೋಡುತ್ತ ನಿಂತರು. ನಾನು ಕೈ ಹಾಕಲು ಹೋದದ್ದನ್ನೂ ಸೇರಿಸಿ ನಡೆದದ್ದೆಲ್ಲವನ್ನೂ ಹೇಳಿದೆ. ಮೊಮ್ಮಗ ಹೇಳುವ ಮೊದಲು ನಾನೇ ಹೇಳುವುದು ಲೇಸೆನಿಸಿತು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮಗೇನಾದರೂ ಆಗಿದ್ದರೆ ನಾನು ಇವಳಿಗೆ ಏನಂತ ಹೇಳ್ತಿದ್ದೆ ಮಾವ?" ಎಂದರು, ಅಷ್ಟೇ. ಮುಂದಿನ ಶನಿವಾರ ಬಿಸಿಲಿತ್ತು. ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ತಾವು ಜಗುಲಿಯ ಮೇಲೆ ಕುಳಿತರು.

ನಮ್ಮ ಉದ್ಯಾನದ ಮಾಲಿಗೆ ಇಷ್ಟೆಲ್ಲ ಹೇಳಲಿಲ್ಲ. ವೈರು ಕಳಚುವುದನ್ನು ತೋರಿಸಿದೆ, ಮರದ ಕೆಳಗೆ ಬಿದ್ದಿದ್ದ ಒಂದು ಗಟ್ಟಿ ಕಡ್ಡಿಯನ್ನು ಆರಿಸಿ ಕೊಟ್ಟೆ, ಸಾಧ್ಯವಾದರೆ ಮಧ್ಯಾಹ್ನ ಹೊಡೆ ಎಂದೆ. "ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಪಾರ್ಕು ಮುಗಿಸಬೇಕು ಸಾರ್" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ಸುತ್ತು ಹಾಕಿ ಬರುವಷ್ಟರಲ್ಲಿ ಹಸುವಿಟ್ಟುಕೊಂಡ ಒಬ್ಬಾತ ಟಿವಿಎಸ್ ಗಾಡಿಯಲ್ಲಿ ಬಂದು, ಕತ್ತರಿಸಿದ ಹುಲ್ಲನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಮಾಲಿ ಯಂತ್ರ ನಿಲ್ಲಿಸಿ, ಬಗ್ಗಿ, ಕಡ್ಡಿಯಿಂದ ಕೆದಕುತ್ತಿದ್ದ.